ಬಲವಿದ್ದರೂ ಗುರಿ ತಪ್ಪುವ ಕೈ: ಎಂ.ಎಸ್. ಇರುವವರ ತೋಳಿನ ಚಿಕಿತ್ಸೆಯಲ್ಲಿ ನನ್ನ ಅನುಭವ

ಹಾಸನದ ಕಡೆಯ ಪ್ರಾಥಮಿಕ ಶಾಲೆಯೊಂದರ ಶಿಕ್ಷಕಿ ಮೊದಲ ಬಾರಿ ನನ್ನ ಬಳಿ ಫಿಸಿಯೋಥೆರಪಿಗೆ ಬಂದ ದಿನ, ಅವರ ಕಡತದಲ್ಲಿ ನಾನು ಬರೆದ ಮೊದಲ ಸಾಲು ‘ಹಿಡಿತದ ಬಲ: ಬಲಗೈ 26 ಕಿಲೋ, ಎಡಗೈ 25 ಕಿಲೋ, ತೃಪ್ತಿಕರ’ ಎಂದಿತ್ತು. ಅಳತೆ ತಪ್ಪಾಗಿರಲಿಲ್ಲ. ಆದರೆ ಅವರ ತೊಂದರೆಗೂ ಆ ಅಳತೆಗೂ ಸಂಬಂಧವೇ ಇರಲಿಲ್ಲ ಎಂಬುದು ನನಗೆ ಅರ್ಥವಾಗಲು ಎರಡು ವಾರ ಬೇಕಾಯಿತು. ಅಷ್ಟು ದಿನ ಅವರಿಂದ ರಬ್ಬರ್ ಚೆಂಡು ಹಿಸುಕಿಸಿದೆ, ಅರ್ಧ ಕಿಲೋ ಡಂಬೆಲ್ ಎತ್ತಿಸಿದೆ. ಹೇಳಿದ್ದನ್ನೆಲ್ಲ ಅವರು ಶ್ರದ್ಧೆಯಿಂದ ಮಾಡಿದರು. ಮನೆಯಲ್ಲಿ ಲೋಟಗಳು ಮಾತ್ರ ಬೀಳುತ್ತಲೇ ಇದ್ದವು.

ಮೂರನೆಯ ವಾರ ಜೊತೆಗೆ ಬಂದ ತಾಯಿ ವಿಷಯವನ್ನು ಬಿಡಿಸಿಟ್ಟರು. “ಬೆಳಕಿದ್ದಾಗ ಹೇಗೋ ನಡೀತದೆ ಕಣಮ್ಮ. ಕರೆಂಟ್ ಹೋಯ್ತು ಅಂದ್ರೆ ಇವಳ ಕೈಗೆ ಬಾಯಿ ಎಲ್ಲಿದೆ ಅಂತಾನೇ ಗೊತ್ತಾಗಲ್ಲ.” ಮಗಳು ತಲೆತಗ್ಗಿಸಿಕೊಂಡು ಇನ್ನೊಂದು ಮಾತು ಸೇರಿಸಿದರು: “ರಾತ್ರಿ ಎಚ್ಚರ ಆದ್ರೆ ಬಲಗೈ ಎಲ್ಲಿದೆ ಅಂತ ಎಡಗೈಯಲ್ಲಿ ಹುಡುಕಬೇಕು ಮೇಡಂ. ಎಷ್ಟೋ ಸಲ ಬೆನ್ನ ಕೆಳಗೇ ಸಿಕ್ಕಿಕೊಂಡಿರುತ್ತೆ.” ಅವರಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂ.ಎಸ್.) ಎಂಬ ನರರೋಗ ಇದೆಯೆಂದು ನರತಜ್ಞರು ಗುರುತಿಸಿ ಮೂರು ವರ್ಷವಾಗಿತ್ತು. ಕುತ್ತಿಗೆಯ ಭಾಗದಲ್ಲಿ ಬೆನ್ನುಹುರಿಯ ಹಿಂಬದಿಗೆ ಗಾಯದ ಕಲೆಯಿದೆ ಎಂದು ಎಂಆರ್‌ಐ ವರದಿಯಲ್ಲಿ ಸ್ಪಷ್ಟವಾಗಿ ಬರೆದಿತ್ತು. ಆ ವರದಿಯನ್ನು ನಾನು ಓದಿದ್ದೆ. ಓದಿ, ಅದರ ಅರ್ಥವನ್ನು ಆ ಕೈಗೆ ಹೊಂದಿಸಿ ನೋಡದೆ ಮುಂದಿನ ಪುಟ ತಿರುವಿದ್ದೆ.

ಕಣ್ಣು ಮುಚ್ಚಿಕೊಂಡರೂ ನಮ್ಮ ಮೊಣಕೈ ಮಡಿಸಿದೆಯೋ ಚಾಚಿದೆಯೋ, ಬೆರಳು ಎಷ್ಟು ಬಾಗಿದೆ ಎಂಬುದು ನಮಗೆ ತಿಳಿದಿರುತ್ತದೆ. ದೇಹ ತನ್ನನ್ನು ತಾನೇ ಅರಿಯುವ ಈ ಬಗೆಗೆ ಇಂಗ್ಲೆಂಡಿನ ಶರೀರಕ್ರಿಯಾ ವಿಜ್ಞಾನಿ ಚಾರ್ಲ್ಸ್ ಶೆರಿಂಗ್ಟನ್ 1906ರಲ್ಲಿ ಪ್ರೊಪ್ರಿಯೋಸೆಪ್ಷನ್ ಎಂದು ಹೆಸರಿಟ್ಟರು. ಅದರ ಒಂದು ಮುಖ್ಯ ಅಂಗವೇ ಕೀಲುಗಳ ಸ್ಥಾನದ ಅರಿವು. ಸ್ನಾಯುಗಳೊಳಗಿನ ಹಿಗ್ಗುವಿಕೆಯನ್ನು ಗುರುತಿಸುವ ಸೂಕ್ಷ್ಮ ರಚನೆಗಳು, ಕೀಲಿನ ಸುತ್ತಲಿನ ಮತ್ತು ಚರ್ಮದ ಗ್ರಾಹಕಗಳು ಕಳಿಸುವ ಸುದ್ದಿ ಬೆನ್ನುಹುರಿಯ ಹಿಂಬದಿಯ ನರಕಂಬದಲ್ಲಿ ಅದೇ ಬದಿಯಿಂದ ಮೇಲೇರಿ, ಮಿದುಳಿನ ಬುಡದಲ್ಲಿ ಎದುರು ಬದಿಗೆ ದಾಟಿ, ಥಲಾಮಸ್ ಮೂಲಕ ಮಿದುಳಿನ ಹೊರಪದರವನ್ನು ತಲುಪುತ್ತದೆ. ಕೈಗೆ ಬಲ ಕೊಡುವ ಆಜ್ಞೆ ಇಳಿಯುವ ಮುಖ್ಯ ದಾರಿ ಬೇರೆ, ಅದು ಬೆನ್ನುಹುರಿಯ ಪಕ್ಕದಲ್ಲಿದೆ. ಎಂ.ಎಸ್.ನಲ್ಲಿ ರೋಗನಿರೋಧಕ ವ್ಯವಸ್ಥೆಯೇ ನರತಂತುಗಳ ಮೇಲಿನ ಮಯಲಿನ್ ಹೊದಿಕೆಯನ್ನು ಅಲ್ಲಲ್ಲಿ ಕೆಡಿಸುವುದರಿಂದ, ಹಿಂಬದಿಯ ಕಂಬದಲ್ಲಿ ಮಾತ್ರ ಪೆಟ್ಟು ಬಿದ್ದು ಪಕ್ಕದ ದಾರಿ ಉಳಿದುಕೊಂಡರೆ, ಬಲ ಪೂರ್ತಿಯಿರುವ, ಆದರೆ ತಾನೆಲ್ಲಿದ್ದೇನೆಂದು ತನಗೇ ತಿಳಿಯದ ಕೈ ಉಂಟಾಗುತ್ತದೆ. ಜರ್ಮನಿಯ ನರತಜ್ಞ ಹೆರ್ಮನ್ ಓಪನ್‌ಹೈಮ್ 1911ರಲ್ಲಿ ಇಂಥ ಕೈಯನ್ನು ವಿವರಿಸಿದ್ದರು. ವೈದ್ಯ ಗ್ರಂಥಗಳು ಅದನ್ನು ಇಂದಿಗೂ ‘ಓಪನ್‌ಹೈಮನ ನಿರುಪಯುಕ್ತ ಕೈ’ ಎನ್ನುತ್ತವೆ. ಆ ಹೆಸರು ನನಗೆ ಹಿಡಿಸುವುದಿಲ್ಲ. ರೋಗಿಯ ಎದುರು ನಾನು ಅದನ್ನು ಎಂದೂ ಬಳಸಿಲ್ಲ.

ಅಂದೇ ಪರೀಕ್ಷೆಯನ್ನು ಮೊದಲಿನಿಂದ ಮಾಡಿದೆ. ಎರಡೂ ಕೈಗಳನ್ನು ಮುಂದೆ ಚಾಚಿ ಕಣ್ಣು ಮುಚ್ಚಲು ಹೇಳಿದಾಗ, ಅರ್ಧ ನಿಮಿಷದೊಳಗೆ ಬಲಗೈಯ ಬೆರಳುಗಳು ಹಾರ್ಮೋನಿಯಂ ನುಡಿಸುವವರ ಬೆರಳುಗಳಂತೆ ತಾವೇ ಏಳುತ್ತ ಇಳಿಯುತ್ತ ಅಲೆಯತೊಡಗಿದವು. ಅವರಿಗೆ ಅದರ ಸುಳಿವೇ ಇರಲಿಲ್ಲ. ಕಣ್ಣು ತೆರೆದು ನೋಡಿದ ಕೂಡಲೇ ಬೆರಳುಗಳು ನಿಂತವು. ಮೂಗು ಮುಟ್ಟಿಸುವ ಪರೀಕ್ಷೆಯಲ್ಲೂ ಹಾಗೆಯೇ, ಕಣ್ಣು ತೆರೆದಿದ್ದಾಗ ತುಸು ನಿಧಾನವಾದರೂ ಬೆರಳು ಸರಿಯಾಗಿ ಮೂಗಿಗೆ ಬಂದಿತು, ಮುಚ್ಚಿದಾಗ ಕೆನ್ನೆಗೆ ತಾಗಿತು. ಈ ವ್ಯತ್ಯಾಸ ಬಹಳ ಮುಖ್ಯ. ಎಂ.ಎಸ್.ನಲ್ಲಿ ಕಿರುಮಿದುಳಿಗೆ ಪೆಟ್ಟು ಬಿದ್ದರೂ ಕೈ ನಡುಗಿ ಗುರಿ ತಪ್ಪುತ್ತದೆ, ಆದರೆ ಆ ತೊಂದರೆ ಕಣ್ಣು ತೆರೆದಿದ್ದರೂ ಇರುತ್ತದೆ. ಅರಿವು ಕಳೆದುಕೊಂಡ ಕೈಗೆ ಕಣ್ಣೇ ಊರುಗೋಲು, ಅದನ್ನು ತೆಗೆದರೆ ಬೀಳುತ್ತದೆ. ಎರಡೂ ಒಟ್ಟಿಗಿರುವವರೂ ಬರುತ್ತಾರೆ.

ಬೆರಳಿನ ಪರೀಕ್ಷೆಯನ್ನು ಅವಸರದಲ್ಲಿ ಮಾಡಿದರೆ ಏನೂ ತಿಳಿಯುವುದಿಲ್ಲ. ತೋರುಬೆರಳಿನ ತುದಿಯನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದರೆ ಒತ್ತಡದಿಂದಲೇ ದಿಕ್ಕು ಗೊತ್ತಾಗಿಬಿಡುತ್ತದೆ, ಆದ್ದರಿಂದ ಎರಡು ಪಕ್ಕಗಳಿಂದ ಹಿಡಿಯಬೇಕು. ಅದರ ಹಿಂದಿನ ಗಿಣ್ಣನ್ನು ಇನ್ನೊಂದು ಕೈಯಿಂದ ಭದ್ರಪಡಿಸಬೇಕು. ನಾಲ್ಕೈದು ಡಿಗ್ರಿಗಿಂತ ಹೆಚ್ಚು ಅಲುಗಿಸಬಾರದು. ಹತ್ತು ಸಲ ಕೇಳಿದೆ. ಎಡಗೈಯಲ್ಲಿ ಒಂಬತ್ತು ಉತ್ತರ ಸರಿ, ಬಲಗೈಯಲ್ಲಿ ಐದು. ‘ಮೇಲೆ’ ಅಥವಾ ‘ಕೆಳಗೆ’ ಎಂಬ ಎರಡೇ ಉತ್ತರಗಳಿರುವಾಗ ಹತ್ತರಲ್ಲಿ ಐದು ಸರಿ ಎಂದರೆ ಅರ್ಧ ಅರಿವಿದೆ ಎಂದಲ್ಲ, ಬರೀ ಊಹೆ ಎಂದು. ಈ ಲೆಕ್ಕವನ್ನು ಕಿರಿಯ ಸಹೋದ್ಯೋಗಿಗಳಿಗೆ ನಾನು ಮತ್ತೆ ಮತ್ತೆ ಹೇಳುತ್ತೇನೆ.

ಮೊಣಕೈಯ ಅಳತೆ ಇನ್ನೂ ಸೂಕ್ಷ್ಮ. ಮೇಜಿನ ಮೇಲೆ ತೋಳಿಟ್ಟು, ಕಣ್ಣು ಮುಚ್ಚಿಸಿ, ಮೊಣಕೈಯನ್ನು ಒಂದು ಕೋನಕ್ಕೆ ತಂದು ಐದು ಸೆಕೆಂಡ್ ನಿಲ್ಲಿಸಿ, ಮೊದಲಿನ ಜಾಗಕ್ಕೆ ಮರಳಿಸಿ, ‘ಈಗ ನೀವೇ ಅಲ್ಲಿಗೆ ಒಯ್ಯಿರಿ’ ಎನ್ನುತ್ತೇನೆ. ಎಷ್ಟು ಡಿಗ್ರಿ ತಪ್ಪಿತೆಂದು ಕೋನಮಾಪಕದಿಂದ ನೋಡುತ್ತೇನೆ. ಇನ್ನೊಂದು ಕ್ರಮದಲ್ಲಿ ಒಂದು ತೋಳನ್ನು ನಾನು ಇರಿಸುತ್ತೇನೆ, ಅವರು ಇನ್ನೊಂದು ತೋಳನ್ನು ಅದಕ್ಕೆ ಸರಿಸಮನಾಗಿ ಇಡಬೇಕು. ಪಾರ್ಶ್ವವಾಯುವಾದವರಲ್ಲಿ ಈ ಎರಡನೆಯ ಕ್ರಮ ಸಾಮಾನ್ಯವಾಗಿ ಚೆನ್ನಾಗಿ ನಡೆಯುತ್ತದೆ, ಏಕೆಂದರೆ ಅಲ್ಲಿ ಹೋಲಿಸಲು ಹೆಚ್ಚು ಕೆಡದ ಇನ್ನೊಂದು ತೋಳಿರುತ್ತದೆ. ಎಂ.ಎಸ್.ನಲ್ಲಿ ಆ ಭರವಸೆಯಿಲ್ಲ. ಕಾಯಿಲೆ ಎರಡೂ ಬದಿಗಳನ್ನು ಬೇರೆಬೇರೆ ಪ್ರಮಾಣದಲ್ಲಿ ಮುಟ್ಟಿರಬಹುದಾದ್ದರಿಂದ ತಪ್ಪು ಯಾವ ತೋಳಿನದೆಂದು ಹೇಳಲಾಗುವುದಿಲ್ಲ. ಹಾಗೆಂದು ಅದೇ ತೋಳಿನಿಂದ ಮಾಡಿಸುವ ಮೊದಲ ಕ್ರಮವನ್ನಷ್ಟೇ ನೆಚ್ಚಿಕೊಂಡರೆ, ಅದರಲ್ಲಿ ಕೋನವನ್ನು ನೆನಪಿಡುವ ಕೆಲಸವೂ ಸೇರಿರುತ್ತದೆ, ಮತ್ತು ಎಂ.ಎಸ್. ನೆನಪನ್ನೂ ಗಮನವನ್ನೂ ಬಾಧಿಸಬಲ್ಲದು. ಅದಕ್ಕಾಗಿ ನಾನು ಎರಡನ್ನೂ ಮಾಡಿ ಅಕ್ಕಪಕ್ಕ ಬರೆದಿಡುತ್ತೇನೆ. ಶಿಕ್ಷಕಿಯ ಬಲ ಮೊಣಕೈ ಸರಾಸರಿ 13 ಡಿಗ್ರಿ ತಪ್ಪುತ್ತಿತ್ತು; ನಾವು ‘ಒಳ್ಳೆಯ ಕೈ’ ಎಂದುಕೊಂಡಿದ್ದ ಎಡಗೈಯೂ 6 ಡಿಗ್ರಿ ತಪ್ಪುತ್ತಿತ್ತು.

ಕೈಯ ಕೆಲಸವನ್ನು ಅಳೆಯಲು ಒಂಬತ್ತು ರಂಧ್ರಗಳ ಹಲಗೆಯಿದೆ. ಒಂಬತ್ತು ಕಡ್ಡಿಗಳನ್ನು ಒಂದೊಂದಾಗಿ ರಂಧ್ರಕ್ಕೆ ಸಿಕ್ಕಿಸಿ ಒಂದೊಂದಾಗಿ ತೆಗೆಯಲು ಎಷ್ಟು ಸೆಕೆಂಡ್ ಬೇಕೆಂದು ನೋಡುವುದು, ಪ್ರತಿ ಕೈಗೂ ಎರಡು ಸಲ. ತೊಂದರೆಯಿಲ್ಲದ ವಯಸ್ಕರು ಸುಮಾರು 20 ಸೆಕೆಂಡಿನಲ್ಲಿ ಮುಗಿಸುತ್ತಾರೆ. ಇವರ ಬಲಗೈಗೆ 48 ಬೇಕಾಯಿತು. ಸಮಯಕ್ಕಿಂತ ಹೆಚ್ಚು ಹೇಳಿದ್ದು ಅವರ ಮುಖ: ಕಣ್ಣನ್ನು ಬೆರಳಿನಿಂದ ಒಂದು ಗಳಿಗೆಯೂ ಕೀಳದೆ, ಕತ್ತು ಬಾಗಿಸಿ, ಕಡ್ಡಿಯನ್ನು ಬೆರಳು ಬಿಳಿಚುವಷ್ಟು ಗಟ್ಟಿಯಾಗಿ ಒತ್ತಿ ಹಿಡಿದಿದ್ದರು. ಅರಿವಿಲ್ಲದ ಬೆರಳು ಬೇಕಾದ್ದಕ್ಕಿಂತ ಹೆಚ್ಚು ಒತ್ತುತ್ತದೆ, ಹೆಚ್ಚು ಒತ್ತಿದರೆ ಬೇಗ ದಣಿಯುತ್ತದೆ. ನಾನು ಎರಡು ವಾರ ಹಿಸುಕಿಸಿದ ಚೆಂಡು ಆ ಒತ್ತುವ ಅಭ್ಯಾಸವನ್ನೇ ಪೋಷಿಸಿತ್ತು ಎಂಬುದು ಅಂದು ಮನಸ್ಸಿಗೆ ನಾಟಿತು.

ಅಳತೆಯ ಹೊತ್ತನ್ನೂ ಗೊತ್ತು ಮಾಡಿಕೊಂಡೆ. ಮೈ ಬಿಸಿಯಾದರೆ ಎಂ.ಎಸ್. ಲಕ್ಷಣಗಳು ತಾತ್ಕಾಲಿಕವಾಗಿ ಹೆಚ್ಚುತ್ತವೆ. 1890ರಲ್ಲಿ ಇದನ್ನು ವಿವರಿಸಿದ ಜರ್ಮನಿಯ ನೇತ್ರತಜ್ಞ ಊಟ್‌ಹಾಫ್ ಅವರ ಹೆಸರಿನಿಂದ ಕರೆಯುವ ಈ ವಿದ್ಯಮಾನವನ್ನು ನಮ್ಮ ಏಪ್ರಿಲ್ ಮಧ್ಯಾಹ್ನಗಳಲ್ಲಿ ಯಾರು ಬೇಕಾದರೂ ಕಣ್ಣಾರೆ ಕಾಣಬಹುದು. ಬಸ್ಸಿಳಿದು ಬೆವರುತ್ತ ಬಂದವರನ್ನು ಅಳೆದು ‘ಹದಗೆಟ್ಟಿದೆ’ ಎಂದು ಬರೆಯುವುದು ಅನ್ಯಾಯ. ಅವರಿಗೆ ಬೆಳಿಗ್ಗೆ ಒಂಬತ್ತರ ಸಮಯ ಕೊಟ್ಟೆ, ಫ್ಯಾನಿನಡಿ ಕಾಲು ಗಂಟೆ ಕೂರಿಸಿದ ಮೇಲೆಯೇ ಕೆಲಸಕ್ಕೆ ತೊಡಗುತ್ತಿದ್ದೆವು.

ತರಬೇತಿಯಲ್ಲಿ ನಾನು ಬಿಡದೆ ಪಾಲಿಸಿದ್ದು ಒಂದು ಕ್ರಮವನ್ನು: ಮೊದಲು ನೋಡಿಕೊಂಡು ಮಾಡುವುದು, ಆಮೇಲೆ ಕಣ್ಣು ಮುಚ್ಚಿ ಮಾಡುವುದು, ಮುಚ್ಚಿದಂತೆಯೇ ‘ನನ್ನ ಕೈ ಇಂತಲ್ಲಿದೆ’ ಎಂದು ಬಾಯಿಬಿಟ್ಟು ಹೇಳುವುದು, ಕಡೆಗೆ ಕಣ್ಣು ತೆರೆದು ತಾಳೆ ನೋಡುವುದು. ಹೇಳುವ ಮೊದಲೇ ನಾನು ತಿದ್ದಿದರೆ ಅವರ ಮಿದುಳಿಗೆ ಹುಡುಕುವ ಕೆಲಸವೇ ಇರುವುದಿಲ್ಲ. ಮನೆಗೆಂದು ವೃತ್ತಪತ್ರಿಕೆಯ ಹಾಳೆಯ ಮೇಲೆ ಮೂರು ದಪ್ಪ ಗೆರೆ ಎಳೆದುಕೊಟ್ಟೆ. ಮೊಣಕೈಯನ್ನು ಒಂದೇ ಬಿಂದುವಿನಲ್ಲಿ ಊರಿ ಮುಂಗೈಯನ್ನು ತಾಯಿ ಹೇಳಿದ ಗೆರೆಗೆ ಒಯ್ಯಬೇಕು. ಬೆರಳುಗಳಿಗಾಗಿ ರಾಗಿ ತುಂಬಿದ ಪಾತ್ರೆಯಲ್ಲಿ ಹುಣಸೆಬೀಜ, ಅವರೆಕಾಳು, ನಾಣ್ಯಗಳನ್ನು ಹುದುಗಿಸಿ ಹುಡುಕಿಸಿದೆ. ವಸ್ತುವನ್ನು ಮುಟ್ಟಿ ಗುರುತಿಸುವುದೂ ಕೀಲಿನ ಅರಿವೂ ಒಂದೇ ಅಲ್ಲ, ಆದರೆ ಬೆರಳು ಎಷ್ಟು ತೆರೆದಿದೆಯೆಂದು ತಿಳಿಯದೆ ಹುಣಸೆಬೀಜ ಸಿಗುವುದಿಲ್ಲ. ಒತ್ತಡ ಹದಮಾಡಲು ನೀರಿರುವ ಕಾಗದದ ಲೋಟ ಹಿಡಿಸಿದೆ: ಲೋಟ ನಗ್ಗಬಾರದು, ಜಾರಲೂಬಾರದು. ಅಂಗೈಯನ್ನು ಗೋಡೆಗೆ ಒತ್ತಿ ತೋಳಿನ ಮೇಲೆ ಭಾರ ಹಾಕಿಸುವುದನ್ನು ಕೆಲಸಕ್ಕೆ ಮುಂಚಿನ ತಯಾರಿಯಾಗಿ ಮಾತ್ರ ಬಳಸಿದೆ. ಒಂದೊಂದು ಸುತ್ತು ಹತ್ತು ನಿಮಿಷ ಮೀರಲಿಲ್ಲ. ಬೆರಳು ಅಲೆಯತೊಡಗಿತೆಂದರೆ ಅದೇ ನಿಲ್ಲಿಸುವ ಹೊತ್ತು.

ಹನ್ನೆರಡು ವಾರಗಳ ನಂತರ ಕಡ್ಡಿ ಹಲಗೆಯ ಸಮಯ 48ರಿಂದ 35 ಸೆಕೆಂಡಿಗೆ ಇಳಿದಿತ್ತು. ಈ ಪರೀಕ್ಷೆಯಲ್ಲಿ ಶೇಕಡ 20ರಷ್ಟು ಬದಲಾವಣೆಯನ್ನು ಅರ್ಥಪೂರ್ಣವೆಂದು ಪರಿಗಣಿಸುವ ರೂಢಿಯಿದೆ, ಇದು ಅದಕ್ಕಿಂತ ಹೆಚ್ಚು. ಮೊಣಕೈಯ ತಪ್ಪು ಮಾತ್ರ 13 ಡಿಗ್ರಿಯಿಂದ 10ಕ್ಕೆ ಬಂದಿತ್ತು, ಬೆರಳಿನ ಉತ್ತರ ಹತ್ತರಲ್ಲಿ ಐದರಿಂದ ಏಳಕ್ಕೆ. ಮೊದಲಿಗೆ ಈ ಅಂತರ ನನ್ನನ್ನು ಕಾಡಿತು, ಅರಿವು ಇಷ್ಟೇ ಮರಳಿದ್ದರೆ ಕೆಲಸ ಅಷ್ಟು ಸುಧಾರಿಸಿದ್ದು ಹೇಗೆ? ಅವರ ಕೈಯನ್ನು ಮತ್ತೆ ಕುಳಿತು ನೋಡಿದೆ. ಅವರು ಕಡ್ಡಿಯನ್ನು ಹಗುರಾಗಿ ಹಿಡಿಯಲು ಕಲಿತಿದ್ದರು, ಮೊಣಕೈಯನ್ನು ಮೇಜಿಗೆ ಆನಿಸಿ ಅಲುಗುವ ಕೀಲುಗಳ ಸಂಖ್ಯೆಯನ್ನೇ ಕಡಿಮೆ ಮಾಡಿಕೊಂಡಿದ್ದರು, ಕಣ್ಣನ್ನು ಬೆರಳಿನ ಮೇಲೆ ನೆಡುವ ಬದಲು ಮುಂದಿನ ರಂಧ್ರಕ್ಕೆ ಕಳಿಸುತ್ತಿದ್ದರು. ಕೀಲಿನ ಅರಿವೂ ತೋಳಿನ ಕೆಲಸವೂ ಒಂದಕ್ಕೊಂದು ತಳಕು ಹಾಕಿಕೊಂಡಿದ್ದರೂ ಒಂದೇ ಹೆಜ್ಜೆಯಲ್ಲಿ ನಡೆಯುವುದಿಲ್ಲ. ಒಂದನ್ನು ಅಳೆದು ಇನ್ನೊಂದನ್ನು ಊಹಿಸುವುದನ್ನು ನಾನು ಅಂದಿಗೆ ಬಿಟ್ಟೆ. ಬಲವನ್ನು ಅಳೆದು ಎರಡನ್ನೂ ಊಹಿಸುವುದಂತೂ ದೂರದ ಮಾತು. ಕಾಯಿಲೆ ಉಲ್ಬಣಿಸಿ ಸ್ವಲ್ಪದರಲ್ಲೇ ಚಿಕಿತ್ಸೆಗೆ ಬಂದವರಲ್ಲಿ ಸುಧಾರಣೆಯ ಒಂದು ಪಾಲು ತಾನಾಗಿ ಆಗುವ ಚೇತರಿಕೆಯದು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು; ಇವರಿಗೆ ಕೊನೆಯ ಉಲ್ಬಣವಾಗಿ ವರ್ಷ ಕಳೆದಿತ್ತು.

ಹಾಗಾಗಿ ಮನೆಯ ಬದುಕಿಗೆ ಬೇಕಾದ ಹೊಂದಾಣಿಕೆಗಳನ್ನು ಅರಿವು ಮರಳಲೆಂದು ಕಾಯದೆ ಮಾಡಿಕೊಂಡೆವು. ಮಲಗುವ ಕೋಣೆಗೂ ಬಚ್ಚಲಿಗೂ ರಾತ್ರಿ ಸಣ್ಣ ದೀಪ. ರವಿಕೆಯ ಹುಕ್ಕು ಬೆನ್ನಿನಿಂದ ಮುಂದಕ್ಕೆ. ಜಡೆಯನ್ನು ಭುಜದ ಮೇಲಿಂದ ಮುಂದೆ ತಂದುಕೊಂಡು ಕಣ್ಣೆದುರಿಗೇ ಹೆಣೆಯುವುದು. ಕುದಿಯುವ ಪಾತ್ರೆಯನ್ನು ಬಲಗೈಯೊಂದರಿಂದ ಇಳಿಸುವುದು ಬೇಡವೇ ಬೇಡ, ಏಕೆಂದರೆ ಇಂಥ ಕೈ ಒಲೆಯ ಪಕ್ಕ ಎಷ್ಟು ಹತ್ತಿರ ಸರಿಯಿತೆಂದು ತಿಳಿಸುವುದಿಲ್ಲ. ಕಪ್ಪುಹಲಗೆಯ ಮೇಲೆ ಬರೆಯುವಾಗ ಕಿರುಬೆರಳಿನ ಪಕ್ಕವನ್ನು ಹಲಗೆಗೆ ಆನಿಸಿಕೊಳ್ಳುವುದನ್ನು ಅವರೇ ಕಂಡುಕೊಂಡು ನನಗೆ ತೋರಿಸಿದರು. ಈಗ ಅದನ್ನು ಬೇರೆಯವರಿಗೂ ಕಲಿಸುತ್ತೇನೆ.

ಕೊನೆಯ ವಾರಗಳಲ್ಲಿ ಅವರು ಆರಿಸಿಕೊಂಡ ಅಭ್ಯಾಸ ಮಲ್ಲಿಗೆ ಕಟ್ಟುವುದು. ಎಡಗೈಯ ಬೆರಳುಗಳ ನಡುವೆ ಮೊಗ್ಗುಗಳನ್ನು ಹಿಡಿದು, ಬಲಗೈಯಿಂದ ಬಾಳೆನಾರನ್ನು ಸುತ್ತಿ, ಕುಣಿಕೆ ಹಾಕಿ ಬಿಗಿಯುವ ಈ ಕೆಲಸದಲ್ಲಿ ಕೋನ, ಒತ್ತಡ, ಎರಡು ಕೈಗಳ ಹೊಂದಿಕೆ ಮೂರೂ ಇವೆ. ಹೆಚ್ಚು ಬಿಗಿದರೆ ತೊಟ್ಟು ಮುರಿಯುತ್ತದೆ, ಸಡಿಲವಾದರೆ ಹೂ ಉದುರುತ್ತದೆ. ನಾನು ಮಾಡಿಸಿದ ಯಾವ ಸಲಕರಣೆಯೂ ಇಷ್ಟು ಸ್ಪಷ್ಟವಾಗಿ ಉತ್ತರ ಹೇಳಿರಲಿಲ್ಲ. ಒಂದು ಬೆಳಿಗ್ಗೆ ಅವರು ಮೊಳದುದ್ದದ ದಂಡೆ ತಂದಿದ್ದರು, ಕಣ್ಣು ಬಿಟ್ಟುಕೊಂಡು ಕಟ್ಟಿದ್ದು. ಅದರ ತುದಿಯನ್ನು ಕೈಗೆ ಕೊಟ್ಟು, ಕಣ್ಣು ಮುಚ್ಚಿ ಮುಂದುವರಿಸಿ ಎಂದೆ. ಮೊದಲ ನಾಲ್ಕು ಸುತ್ತು ನಿಂತವು, ಐದನೆಯದರಲ್ಲಿ ನಾರು ಜಾರಿತು. “ಜಾರಿದ್ದು ಗೊತ್ತಾಯ್ತು ಮೇಡಂ,” ಎಂದರು, ಇನ್ನೂ ಕಣ್ಣು ಮುಚ್ಚಿಕೊಂಡೇ.