ಎರಡು ತಗಡು, ನಾಲ್ಕು ಮಡಿಕೆ: ಗಿಟಾರ್ ಪೆಡಲ್‌ಗೆ ಪೆಟ್ಟಿಗೆ ಮಾಡುವುದು

ಗಿಟಾರಿನ ಸದ್ದು ಬದಲಿಸಲು ಕಾಲಲ್ಲಿ ಒತ್ತುವ ಸಾಧನವೇ ಪೆಡಲ್. ಅದಕ್ಕೆ ನಾನು ಮಾಡಿದ ಮೊದಲ ಪೆಟ್ಟಿಗೆ ಬಾಳಿದ್ದು ಒಂದೇ ತಿಂಗಳು. 0.8 ಮಿ.ಮೀ. ಅಲ್ಯೂಮಿನಿಯಂ ತಗಡು. ಕತ್ತರಿಗೆ ಸಲೀಸಾಗಿ ಸಿಗುತ್ತದೆ, ಕೈಯಲ್ಲೇ ಬಾಗುತ್ತದೆ, ಇನ್ನೇನು ಬೇಕು ಅಂದುಕೊಂಡಿದ್ದೆ. ದಿನಾ ಕಾಲಲ್ಲಿ ಒತ್ತಿ ಒತ್ತಿ ಮೇಲ್ಭಾಗ ಕುಳಿ ಬಿತ್ತು. ಒಂದು ಸಂಜೆ ನುಡಿಸುತ್ತಿರುವಾಗಲೇ ಫಝ್ ಸದ್ದು, ಅಂದರೆ ಪೆಡಲ್ ಕೊಡುವ ಒರಟು ನಾದ, ಪಟ್ಟನೆ ನಿಂತಿತು. ಬಿಚ್ಚಿ ನೋಡಿದರೆ ಸ್ವಿಚ್ಚಿನ ಕಾಲುಗಳು ಕೆಳಗಿನ ಮುಚ್ಚಳಕ್ಕೆ ತಾಗಿ ಶಾರ್ಟ್ ಆಗಿದ್ದವು.

ಅಂದಿನಿಂದ 1.5 ಮಿ.ಮೀ.ಗಿಂತ ತೆಳುವಾದ ಅಲ್ಯೂಮಿನಿಯಂ ಮುಟ್ಟಿಲ್ಲ. ಉಕ್ಕಾದರೆ 1 ಮಿ.ಮೀ. ಸಾಕು, ಆದರೆ ಕೊರೆಯುವುದಕ್ಕೂ ಕತ್ತರಿಸುವುದಕ್ಕೂ ಜಾಸ್ತಿ ಒದ್ದಾಟ. ಅಲ್ಯೂಮಿನಿಯಂನಲ್ಲೂ ಜಾತಿ ನೋಡಿ ತನ್ನಿ. 5052 ಚೆನ್ನಾಗಿ ಬಾಗುತ್ತದೆ. 6061-ಟಿ6 ಗಟ್ಟಿ ನಿಜ, ಆದರೆ ಚೂಪಾಗಿ ಮಡಚಿದರೆ ಅಂಚಿನಲ್ಲಿ ಬಿರುಕು ಬಿಡುತ್ತದೆ.

ಎರಕದ ಪೆಟ್ಟಿಗೆ ರೆಡಿಮೇಡ್ ಸಿಗುವಾಗ ಈ ಕಷ್ಟ ಯಾಕೆ ಅಂತ ಕೇಳುವವರಿದ್ದಾರೆ. ನನಗೆ ಬೇಕಾದ ಅಳತೆ ಅದರಲ್ಲಿ ಸಿಗುವುದಿಲ್ಲ, ಅಷ್ಟೇ. ತಗಡಿನ ಪೆಟ್ಟಿಗೆ ಕೀಳೇನಲ್ಲ. 1970ರ ದಶಕದ ಎಲೆಕ್ಟ್ರೋ-ಹಾರ್ಮೋನಿಕ್ಸ್ ಕಂಪನಿಯ ಬಿಗ್ ಮಫ್ ಪೆಡಲ್ ಬರುತ್ತಿದ್ದದ್ದೂ ಮಡಚಿದ ತಗಡಿನ ಪೆಟ್ಟಿಗೆಯಲ್ಲೇ.

ತಗಡಿಗೆ ಗೀರು ಹಾಕುವ ಮೊದಲು ಒಳಗೆ ಕೂರುವ ಸಾಮಾನನ್ನೆಲ್ಲ ಒಂದು ಹಾಳೆಯ ಮೇಲೆ ಜೋಡಿಸಿ. ಜ್ಯಾಕ್‌ಗಳಿಗೆ ಕೇಬಲ್ಲಿನ ಪ್ಲಗ್ ಚುಚ್ಚಿಯೇ ಅಳೆಯಿರಿ. ತೆರೆದ ಜ್ಯಾಕ್‌ನಲ್ಲಿ ಪ್ಲಗ್ ಹೋದಾಗ ಸ್ಪ್ರಿಂಗ್ ಪಟ್ಟಿ ಹೊರಕ್ಕೆ ಉಬ್ಬುತ್ತದೆ, ಪ್ಲಗ್ಗಿನ ತುದಿಯೂ ಮುಂದೆ ಚಾಚುತ್ತದೆ. ಎದುರುಬದುರಿನ ಎರಡು ಜ್ಯಾಕ್‌ಗಳು ಖಾಲಿ ಇದ್ದಾಗ ಆರಾಮಾಗಿ ಕೂತು, ಪ್ಲಗ್ ಚುಚ್ಚಿದ ಮೇಲೆ ಗುದ್ದಾಡುವುದು ಹೀಗೆ. ಒಂದನ್ನು ಸ್ವಲ್ಪ ಹಿಂದೆ, ಇನ್ನೊಂದನ್ನು ಸ್ವಲ್ಪ ಮುಂದೆ ಇಡಿ.

ನನ್ನ ಪೆಟ್ಟಿಗೆ ಎರಡು ತುಂಡಿನದು. ಮೇಲಿನ ತುಂಡು ತಲೆಕೆಳಗಾದ ‘ಯು’: ಮೇಲ್ಭಾಗ, ಜೊತೆಗೆ ಎಡಬಲದ ಗೋಡೆಗಳು. ಕೆಳಗಿನ ತುಂಡು ಇನ್ನೊಂದು ‘ಯು’: ತಳ, ಜೊತೆಗೆ ಹಿಂದುಮುಂದಿನ ಗೋಡೆಗಳು. ಜ್ಯಾಕ್, ಪಾಟ್ (ಸದ್ದು ಹೆಚ್ಚುಕಡಿಮೆ ಮಾಡಲು ತಿರುಗಿಸುವ ಭಾಗ), ಸ್ವಿಚ್ ಎಲ್ಲ ಮೇಲಿನ ತುಂಡಿನಲ್ಲೇ ಇರುತ್ತವೆ. ಹಾಗಾಗಿ ಕೆಳಗಿನದನ್ನು ಕಳಚಿದರೆ ಒಂದು ವೈರನ್ನೂ ಎಳೆಯಬೇಕಿಲ್ಲ. ಕೆಳಗಿನ ತುಂಡಿನ ಗೋಡೆಗಳು ಮೇಲ್ಭಾಗದ ತಗಡಿಗೆ ಒಳಗಿನಿಂದ ಆನಿಕೊಂಡು ನಿಲ್ಲಬೇಕು. ಆಗ ಕಾಲಿನ ಭಾರ ನೇರ ನೆಲಕ್ಕೆ ಹೋಗುತ್ತದೆ.

ಈಗ ಲೆಕ್ಕ. ಹೊರ ಅಳತೆ 120 ಉದ್ದ, 70 ಅಗಲ, 40 ಮಿ.ಮೀ. ಎತ್ತರ ಅಂತಿಟ್ಟುಕೊಳ್ಳಿ. ಮೇಲಿನ ತುಂಡಿಗೆ 40, 70, 40 ಕೂಡಿಸಿ 150 ಮಿ.ಮೀ. ಕತ್ತರಿಸಿದರೆ ಪೆಟ್ಟಿಗೆ ದೊಡ್ಡದಾಗುತ್ತದೆ. ಮಡಚಿದಾಗ ಮೂಲೆ ಗುಂಡಗಾಗುವುದರಿಂದ ಹೊರ ಅಳತೆ ಒಂದಿಷ್ಟು ಹೆಚ್ಚುತ್ತದೆ. ಎಷ್ಟು ಅಂತ ಪುಸ್ತಕ ನೋಡಬೇಡಿ, ನಿಮ್ಮ ತಗಡನ್ನೇ ಕೇಳಿ. ಅದೇ ತಗಡಿನಲ್ಲಿ ಸರಿಯಾಗಿ 100 ಮಿ.ಮೀ.ನ ಒಂದು ಪಟ್ಟಿ ಕತ್ತರಿಸಿ, ನಡುವೆ ಗೀರು ಹಾಕಿ, ಗೀರನ್ನು ವೈಸಿನ (ಮೇಜಿಗೆ ಬಿಗಿದ ಕಬ್ಬಿಣದ ಹಿಡಿಕಟ್ಟು) ಅಂಚಿಗೆ ಸರಿಯಾಗಿ ಹಿಡಿಸಿ 90 ಡಿಗ್ರಿ ಮಡಚಿ. ನನ್ನದರಲ್ಲಿ ವೈಸಿನ ಹೊರಗಿದ್ದ ಬದಿ 50 ಆಗಿಯೇ ಉಳಿಯಿತು, ಒಳಗೆ ಹಿಡಿದಿದ್ದ ಬದಿ 52.5 ಆಯಿತು. ಅಂದರೆ ಒಂದು ಮಡಿಕೆಗೆ 2.5 ಮಿ.ಮೀ. ಕಳೆಯಬೇಕು, ಅದೂ ವೈಸಿನಲ್ಲಿ ಹಿಡಿಯುವ ನಡುಭಾಗದಿಂದ.

ಹಾಗಾಗಿ ಮೇಲಿನ ತುಂಡು 145 × 120, ಎರಡೂ ಅಂಚಿನಿಂದ 40ಕ್ಕೆ ಗೀರು. ಕೆಳಗಿನದರ ಗೋಡೆ ಮೇಲ್ಭಾಗದ ಅಡಿಗೆ ಬರುವುದರಿಂದ ಎತ್ತರ 38.5 ಸಾಕು. 38.5, 120, 38.5 ಕೂಡಿಸಿ 5 ಕಳೆದರೆ 192. ಅಗಲ 70ರಿಂದ ಎರಡು ಗೋಡೆಯ ದಪ್ಪ 3 ಹೋಯಿತು, ಸರಾಗವಾಗಿ ಜಾರಲು ಇನ್ನೊಂದು ಅರ್ಧ ಹೋಯಿತು, 66.5.

ತೂತುಗಳನ್ನು ಮಡಚುವ ಮೊದಲೇ, ತಗಡು ಚಪ್ಪಟೆ ಇರುವಾಗಲೇ ಕೊರೆಯಿರಿ. ಗೀರಿನಿಂದ ಕನಿಷ್ಠ 6–7 ಮಿ.ಮೀ. ದೂರವಿರಲಿ, ಇಲ್ಲದಿದ್ದರೆ ಮಡಚುವಾಗ ತೂತು ಮೊಟ್ಟೆಯಾಕಾರಕ್ಕೆ ಎಳೆದುಕೊಳ್ಳುತ್ತದೆ. ಸೆಂಟರ್ ಪಂಚ್‌ನಿಂದ ಗುರುತು ಹಾಕಿ, ಮೊದಲು 3 ಮಿ.ಮೀ. ಬಿಟ್, ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ದಪ್ಪವಾಗುವ ಸ್ಟೆಪ್ ಡ್ರಿಲ್. ಜ್ಯಾಕ್‌ಗೆ 9.5, ಪಾಟ್‌ಗೆ 7, ಕಾಲಲ್ಲಿ ಒತ್ತುವ ಸ್ವಿಚ್ಚಿಗೆ 12, ಎಲ್‌ಇಡಿಗೆ 5 ಮಿ.ಮೀ. ಎರಡು ಹನಿ ಸೀಮೆಎಣ್ಣೆ ಬಿಟ್ಟರೆ ಅಲ್ಯೂಮಿನಿಯಂ ಬಿಟ್ಟಿಗೆ ಅಂಟುವುದಿಲ್ಲ. ತಗಡನ್ನು ಮರದ ಹಲಗೆಗೆ ಕ್ಲಾಂಪ್ ಮಾಡಲೇಬೇಕು. ಕೈಯಲ್ಲಿ ಹಿಡಿದು ಕೊರೆಯಹೋದರೆ ಬಿಟ್ ಸಿಕ್ಕಿಕೊಂಡು ತಗಡು ಗಿರ್ರನೆ ತಿರುಗುತ್ತದೆ, ಅದು ಚಾಕುವಿಗೆ ಸಮ. ಕಣ್ಣಿಗೆ ಕನ್ನಡಕ ಇರಲಿ.

ಮಡಚುವುದಕ್ಕೆ ಯಂತ್ರ ಬೇಡ. ವೈಸಿನ ದವಡೆಗಳ ನಡುವೆ ಎರಡು ಕಬ್ಬಿಣದ ಆಂಗಲ್, ಅವುಗಳ ನಡುವೆ ತಗಡು. ಸುತ್ತಿಗೆಯಿಂದ ನೇರ ಹೊಡೆದರೆ ಒಂದೊಂದು ಏಟಿನ ಗುರುತೂ ಪೇಂಟ್ ಮಾಡಿದ ಮೇಲೆ ಎದ್ದು ಕಾಣುತ್ತದೆ. ತಗಡಿನ ಪೂರ್ತಿ ಅಗಲಕ್ಕೆ ಒಂದು ಮರದ ತುಂಡು ಒತ್ತಿ ಹಿಡಿದು, ಮೊದಲು ಕೈಬಲದಿಂದಲೇ ಬಾಗಿಸಿ. ಮೂಲೆ ಚೂಪಾಗಲು ಕೊನೆಗಷ್ಟೇ ಆ ಮರದ ಮೇಲೆ ಕೊಡತಿಯಿಂದ ತಟ್ಟಿ. ತಗಡು ಸ್ವಲ್ಪ ಹಿಂದಕ್ಕೆ ಸೆಟೆಯುತ್ತದೆ, ಅದಕ್ಕೆ 90 ದಾಟಿಸಿ ಎರಡು ಡಿಗ್ರಿ ಜಾಸ್ತಿ ಬಾಗಿಸಿ ಬಿಡಿ. ಮೂಲೆಮಟ್ಟ ಇಟ್ಟು ನೋಡಿ. ಎರಡನೇ ಮಡಿಕೆಗೆ ಮೊದಲನೇ ಗೋಡೆ ವೈಸಿಗೆ ಅಡ್ಡ ಬರುತ್ತದೆ. ಆಗ ಪೆಟ್ಟಿಗೆಯ ಒಳ ಅಗಲಕ್ಕೆ, ಅಂದರೆ 67ಕ್ಕೆ, ಒಂದು ಗಟ್ಟಿ ಮರದ ತುಂಡು ಕೊಯ್ದು, ತಗಡನ್ನು ಅದಕ್ಕೆ ಕ್ಲಾಂಪ್ ಮಾಡಿ ಅದರ ಅಂಚಿನ ಮೇಲೆ ಮಡಚಿ.

ಕೆಳಗಿನ ತುಂಡಿನ ಗೋಡೆ ಮೊದಲ ಸಲ ಒಳಗೆ ಹೋಗುವುದೇ ಇಲ್ಲ. ಗಾಬರಿ ಬೇಡ. ಮೇಲಿನ ತುಂಡಿನ ಒಳಮೂಲೆ ಗುಂಡಗಿರುತ್ತದೆ, ಕೆಳಗಿನದರ ಗೋಡೆಯ ಮೂಲೆ ಚೂಪಾಗಿರುತ್ತದೆ. ಆ ಚೂಪನ್ನು ಅರದಿಂದ ನಾಲ್ಕೈದು ಸಲ ಉಜ್ಜಿದರೆ ಸಾಕು, ಟಕ್ ಅಂತ ಕೂರುತ್ತದೆ.

ಜೋಡಿಸಲು 3 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಆಂಗಲ್‌ನ ನಾಲ್ಕು ತುಂಡು. ಮೇಲಿನ ತುಂಡಿನ ಒಳಗೆ, ಕೆಳಗಿನ ತುಂಡಿನ ದಪ್ಪಕ್ಕೆ ಜಾಗ ಬಿಟ್ಟು ಅಂಚಿನಿಂದ 1.5 ಮಿ.ಮೀ. ಹಿಂದಕ್ಕೆ, ಪಾಪ್ ರಿವೆಟ್ ಹೊಡೆಯಿರಿ. ಆಂಗಲ್‌ಗೆ 2.5 ಮಿ.ಮೀ. ತೂತು ಕೊರೆದು ಎಂ3 ಟ್ಯಾಪ್ ಹಾಕಿ, ಅಂದರೆ 3 ಮಿ.ಮೀ. ಸ್ಕ್ರೂಗೆ ಮರೆ ಕೊರೆಯಿರಿ. ತಗಡಿಗೇ ಟ್ಯಾಪ್ ಹಾಕಿದರೆ ಮೂರೇ ಸುತ್ತು ಮರೆ ಸಿಗುವುದು, ನಾಲ್ಕು ಸಲ ಬಿಚ್ಚಿ ಹಾಕುವಷ್ಟರಲ್ಲಿ ಸವೆದುಹೋಗುತ್ತದೆ.

ಪೇಂಟ್ ನಿಮ್ಮಿಷ್ಟ. 320ರ ಎಮರಿ ಪೇಪರ್‌ನಲ್ಲಿ ಉಜ್ಜಿ, ಅಲ್ಯೂಮಿನಿಯಂಗೆಂದೇ ಇರುವ ಎಚಿಂಗ್ ಪ್ರೈಮರ್ ಹೊಡೆಯದಿದ್ದರೆ ಬಣ್ಣ ಸಿಪ್ಪೆ ಏಳುತ್ತದೆ. ಎರಡು ತುಂಡು ಒಂದಕ್ಕೊಂದು ತಾಗುವ ಕಡೆ, ಜ್ಯಾಕ್‌ನ ವಾಷರ್ ಕೂರುವ ಕಡೆ ಮಾತ್ರ ಪೇಂಟ್ ಕೆರೆದು ತೆಗೆಯಿರಿ. ಪೆಟ್ಟಿಗೆ ಪೂರ್ತಿ ಗ್ರೌಂಡ್ ಆಗದಿದ್ದರೆ ಗುಂಯ್ ಅನ್ನುವ ಸದ್ದು ಒಳನುಗ್ಗುತ್ತದೆ. ಪವರ್ ಜ್ಯಾಕ್ ಮಾತ್ರ ಪ್ಲಾಸ್ಟಿಕ್ ಮೈಯದ್ದೇ ಇರಲಿ. ಪೆಡಲ್‌ಗಳಲ್ಲಿ ಸಾಮಾನ್ಯವಾಗಿ ನಡುವಿನ ಪಿನ್ ನೆಗೆಟಿವ್, ಹೊರಗಿನದು ಪಾಸಿಟಿವ್. ಲೋಹದ ಜ್ಯಾಕ್ ಹಾಕಿದರೆ ಆ ಪಾಸಿಟಿವ್ ನೇರ ಗ್ರೌಂಡಿಗೆ ಶಾರ್ಟ್.

ಸ್ಕ್ರೂ ಬಿಗಿಯುವ ಮೊದಲು ಸ್ವಿಚ್ಚಿನ ಕಾಲುಗಳ ಮೇಲೆ, ಪಾಟ್ ಬೆನ್ನ ಮೇಲೆ ಮಕ್ಕಳು ಆಡುವ ಕ್ಲೇ ಒಂದೊಂದು ಉಂಡೆ ಇಟ್ಟು ಪೆಟ್ಟಿಗೆ ಮುಚ್ಚಿ, ಮೇಲೆ ಒಮ್ಮೆ ಕಾಲಿಟ್ಟು ಒತ್ತಿ. ತೆಗೆದು ನೋಡಿ. ಕ್ಲೇ 3 ಮಿ.ಮೀ. ದಪ್ಪ ಉಳಿದಿದ್ದರೆ ಸರಿ. ಕಾಗದದಂತೆ ತೆಳುವಾಗಿದ್ದರೆ ಸ್ವಿಚ್ಚಿನ ಒಳಗಡೆ ಇನ್ನೊಂದು ನಟ್ ಇದ್ದರೆ ಅದನ್ನು ಕೆಳಕ್ಕೆ ತಿರುಗಿಸಿ ಸ್ವಿಚ್ಚನ್ನು ಮೇಲೆತ್ತಿ, ತಳಕ್ಕೆ ದಪ್ಪ ಟೇಪ್ ಅಂಟಿಸಿ. ಕ್ಲೇ ಪೂರ್ತಿ ತೆಗೆಯಲು ಮರೆಯಬೇಡಿ, ನಾನು ಒಮ್ಮೆ ಮರೆತಿದ್ದೆ.