ನಮ್ಮ ಮರಗಪ್ಪೆ ನೀರಿಗೇ ಇಳಿಯುತ್ತಿರಲಿಲ್ಲ, ಕಾರಣ ಸಿಕ್ಕಿತು

ಟೆಕ್ಸಾಸ್‌ನ ನಮ್ಮ ಮನೆಯಲ್ಲಿ ಮಗಳು ಸಾಕಿರುವ ವೈಟ್ಸ್ ಮರಗಪ್ಪೆ ಎರಡು ವಾರ ಸರಿಯಾಗಿ ತಿನ್ನಲೇ ಇಲ್ಲ. ಮುಂದೆಯೇ ಚಿಮ್ಮಂಡೆ ಓಡಾಡಿದರೂ ಸುಮ್ನೆ ಕೂತಿರುತ್ತಿತ್ತು. ನೀರಿನ ಬಟ್ಟಲಿಗೆ ಇಳಿಸಿದರೆ ತಕ್ಷಣ ಹೊರಗೆ ಹಾರಿ, ಹಿಂಗಾಲಿನಿಂದ ಹೊಟ್ಟೆ ಉಜ್ಜಿಕೊಳ್ಳುತ್ತಿತ್ತು. ನೋಡಿದರೆ ಚರ್ಮ ಕೆಂಪಗಾಗಿದೆ!

ಸೋಂಕಿರಬಹುದು ಅಂತ ಮೊದಲು ವೈದ್ಯರಿಗೆ ತೋರಿಸಿದೆ. ಸೋಂಕಿರಲಿಲ್ಲ. ಯಾವ ನೀರು ಹಾಕುತ್ತೀರಿ ಅಂದರು. ನಲ್ಲಿ ನೀರನ್ನೇ ಒಂದು ದಿನ ತೆರೆದಿಟ್ಟು ಹಾಕುತ್ತೇನೆ ಅಂದೆ. ತಪ್ಪಾಗಿದ್ದೇ ಅಲ್ಲಿ. ಹಾಗೆ ಇಟ್ಟರೆ ಕ್ಲೋರಿನ್ ಹೋಗುತ್ತದೆ, ಆದರೆ ನಮ್ಮೂರಿನ ನೀರಿಗೆ ಕ್ರಿಮಿ ಸಾಯಲೆಂದು ಹಾಕುವುದು ಕ್ಲೋರಮೈನ್, ಅಂದರೆ ಕ್ಲೋರಿನ್ ಜೊತೆ ಅಮೋನಿಯಾ ಸೇರಿದ್ದು, ಅದು ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ, ಹೊಟ್ಟೆ ತೊಡೆಗಳ ಚರ್ಮದಿಂದಲೇ ಹೀರಿಕೊಳ್ಳುತ್ತದೆ ಅಲ್ವಾ, ಪಾಪ, ಕೂತ ಜಾಗವೇ ಉರಿಯುತ್ತಿತ್ತೇನೋ.

ಮೀನಿನ ತೊಟ್ಟಿಗೆ ಹಾಕುವ ಕಂಡಿಷನರ್, ಅಂದರೆ ನಲ್ಲಿ ನೀರಿನ ಕ್ಲೋರಿನ್ ತೆಗೆಯುವ ದ್ರವ, ತಂದೆ. ಕ್ಲೋರಮೈನ್ ಕೂಡ ತೆಗೆಯುತ್ತದೆ ಅಂತ ಬಾಟಲಿಯ ಮೇಲೆ ಬರೆದಿದೆಯಾ ನೋಡಿಯೇ ತನ್ನಿ, ಎಲ್ಲವೂ ಅದನ್ನು ತೆಗೆಯುವುದಿಲ್ಲ. ಬಟ್ಟಲಿಗೂ ಸ್ಪ್ರೇ ಬಾಟಲಿಗೂ ಈಗ ಕಂಡಿಷನರ್ ಬೆರೆಸಿದ ನೀರೇ, ದಿನಾ ಹೊಸದು. ಗಾಜಿನ ಪೆಟ್ಟಿಗೆಯನ್ನು ಸೋಪು ಹಾಕದೆ ತೊಳೆದೆ.

ಐದನೇ ರಾತ್ರಿ ದೀಪ ಆರಿಸಿದ ಮೇಲೆ ಇಣುಕಿದರೆ ಬಟ್ಟಲಲ್ಲಿ ಹೊಟ್ಟೆ ಊರಿ ಕೂತಿತ್ತು. ಚಿಮ್ಮಂಡೆ ಬಿಟ್ಟೆ. ಗಬಕ್ಕನೆ ಹಿಡಿದು, ಎರಡೂ ಕಣ್ಣುಗಳನ್ನು ಒಳಕ್ಕೆ ಒತ್ತಿ ನುಂಗಿತು.