ಏಳು ಪ್ರಶ್ನೆ, ಎರಡು ಬಣ್ಣದ ಪೆನ್ನು: ಆತಂಕದ ಲೆಕ್ಕ ಇಟ್ಟ ನನ್ನ ಅನುಭವ

ಆತಂಕ ಎಷ್ಟಿದೆ ಅಂತ ಅಳೆಯುವ ಏಳು ಪ್ರಶ್ನೆಯ ಜಿಎಡಿ-7 ಹಾಳೆಯನ್ನು ನಿಮ್ಮಲ್ಲಿ ಬಹಳ ಜನ ಒಂದು ಸಲವಾದರೂ ತುಂಬಿರುತ್ತೀರಿ. ಪ್ರತಿ ಪ್ರಶ್ನೆಗೆ 0ರಿಂದ 3, ಒಟ್ಟು 21 ಅಂಕ; ಅಂಕ ಜಾಸ್ತಿಯಾದಷ್ಟು ಆತಂಕ ಜಾಸ್ತಿ. ಅಂಕ ನೋಡಿ ಎರಡು ದಿನ ತಲೆ ಕೆಡಿಸಿಕೊಂಡು ಆಮೇಲೆ ಮರೆತಿರುತ್ತೀರಿ. ನಾನು ಬಿಡಲಿಲ್ಲ. ಸಾಗರದ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಒಂದು ದಿನದ ಬಾಕಿ ನೋಡಿ ಆ ರೈತನ ಖಾತೆ ಹೇಗಿದೆ ಅಂತ ಯಾರೂ ಹೇಳೋಕಾಗಲ್ಲ, ಹಿಂದಿನ ಪುಟಗಳು ಬೇಕು. ಹಾಗೆಯೇ ಆತಂಕಕ್ಕೂ ಒಂದು ನೋಟ್‌ಬುಕ್ ಇಟ್ಟೆ. ಅಣ್ಣ ನೋಡಿ, "ಇಲ್ಲದ ಕಾಯಿಲೆನ ನೀನೇ ಬರ್ಕೊಂಡು ಕರೀತಿದೀಯ" ಅಂದ. ಸಾಹುಕಾರರಂತೂ ಧರ್ಮಸ್ಥಳಕ್ಕೆ ಹೋಗಿ ಬಾ, ಎಲ್ಲ ಸರಿಹೋಗುತ್ತೆ ಅಂದರು. ಧರ್ಮಸ್ಥಳಕ್ಕೆ ಹೋಗಿಯೂ ಬಂದೆ, ನೋಟ್‌ಬುಕ್ಕನ್ನೂ ಬಿಡಲಿಲ್ಲ. ಈಗ ಅದು ಫಲ ಕೊಟ್ಟಿದೆ.

ಮೊದಲು ದುಡ್ಡಿನ ವಿಷಯ. ಎದೆ ಡವಡವ, ಕೈ ತಣ್ಣಗೆ, ರಾತ್ರಿ ಮೂರು ಗಂಟೆಗೆ ಎಚ್ಚರ. ಇದಕ್ಕೆ ಇಸಿಜಿ, ಎಕೋ, ಟ್ರೆಡ್‌ಮಿಲ್, ಎಂಡೋಸ್ಕೋಪಿ, ಥೈರಾಯ್ಡ್, ಎಲ್ಲ ಸೇರಿ ಹದಿನೆಂಟು ಇಪ್ಪತ್ತು ಸಾವಿರ ಹೋಗಿರಬೇಕು. ಎಲ್ಲ ನಾರ್ಮಲ್. ಹೃದಯಕ್ಕೂ ಥೈರಾಯ್ಡ್‌ಗೂ ಕೊಟ್ಟ ದುಡ್ಡಿನ ಬಗ್ಗೆ ನನಗೆ ಬೇಜಾರಿಲ್ಲ. ಎದೆನೋವು ಅಂದರೆ ಮೊದಲು ಹೃದಯವನ್ನೇ ತೋರಿಸಬೇಕು, ಅದರಲ್ಲಿ ರಾಜಿ ಇಲ್ಲ. ಥೈರಾಯ್ಡ್ ಜಾಸ್ತಿಯಾದರೂ ಕೈ ನಡುಕ, ಎದೆಬಡಿತ ಹೀಗೇ ಬರುತ್ತದೆ. ಬೇಜಾರಿರುವುದು ಆಮೇಲಿನ ಖರ್ಚಿನ ಬಗ್ಗೆ. ನಾಡಿ ತೋರಿಸುವ ವಾಚಿಗೆ ಸುಮಾರು ನಾಲ್ಕು ಸಾವಿರ ಕೊಟ್ಟೆ. ಕೂತಲ್ಲೇ 96 ಕಾಣಿಸೋದು, ಅದನ್ನು ನೋಡ್ತಾ ನೋಡ್ತಾ 110 ಆಗೋದು. ಆತಂಕ ಇರುವವರು ಅದನ್ನು ಕಟ್ಟಬೇಡಿ ಅಂತಲೇ ನಾನು ಹೇಳುವುದು. ಧ್ಯಾನದ ಆ್ಯಪ್‌ಗೆ ವರ್ಷದ ಚಂದಾ ಸಾವಿರದ ಚಿಲ್ಲರೆ, ಕೊರಿಯರಿನಲ್ಲಿ ಬಂದ ಯಾವುದೋ ನಿದ್ದೆಪುಡಿ, ಅದೂ ಹೋಯ್ತು.

ಈಗ ವಿಧಾನಕ್ಕೆ ಬರೋಣ. ಶುರುವಿನಲ್ಲಿ ಹಾಳೆಯನ್ನು ದಿನಾ ತುಂಬಿ ನೋಡಿದೆ, ಕೆಲಸಕ್ಕೆ ಬರಲಿಲ್ಲ. 2006ರಲ್ಲಿ ಅಮೆರಿಕದ ಮನೋವೈದ್ಯ ಸ್ಪಿಟ್ಜರ್ ಮತ್ತು ಜೊತೆಗಾರರು ಈ ಪ್ರಶ್ನೆಗಳನ್ನು ಮಾಡಿದ್ದೇ ಕಳೆದ ಎರಡು ವಾರವನ್ನು ಅಳೆಯಲಿಕ್ಕೆ. ದಿನಾ ಕೇಳಿಕೊಂಡರೆ ನಿನ್ನೆಯ ಜಗಳ, ಇವತ್ತಿನ ಅಡಿಕೆ ರೇಟು ಇಷ್ಟೇ ಸಿಗೋದು. ಎರಡು ವಾರಕ್ಕೊಮ್ಮೆ, ವಾರದ ಅದೇ ದಿನ, ಅದೇ ಹೊತ್ತು ಅಂತ ಮಾಡಿದ ಮೇಲೆ ಅಂಕಕ್ಕೆ ಅರ್ಥ ಬಂತು. ಹೊತ್ತು ಯಾಕೆ ಮುಖ್ಯ ಅಂತ ಸುಮ್ನೆ ಪರೀಕ್ಷೆ ಮಾಡಿ ನೋಡಿದ್ದೆ. ಶನಿವಾರ ರಾತ್ರಿ ಊಟ ಆದ ಮೇಲೆ ತುಂಬಿದ್ದಕ್ಕೂ ಸೋಮವಾರ ಬೆಳಿಗ್ಗೆ ಮಂಡಿ ಬಾಗಿಲು ತೆಗೆಯೋ ಮುಂಚೆ ತುಂಬಿದ್ದಕ್ಕೂ ಮೂರು ನಾಲ್ಕು ಅಂಕದ ವ್ಯತ್ಯಾಸ. ಅದೇ ಮನುಷ್ಯ, ಅದೇ ಎರಡು ವಾರ! ನಾನು ಭಾನುವಾರ ಬೆಳಿಗ್ಗೆ ಇಟ್ಟುಕೊಂಡೆ.

ಮುಖ್ಯವಾದ ಬದಲಾವಣೆ ಎರಡನೇ ಪೆನ್ನು. ಅದೇ ಏಳು ಪ್ರಶ್ನೆಗೆ ಹೆಂಡತಿ ನನ್ನ ಬಗ್ಗೆ ಬೇರೆಯಾಗಿ ಅಂಕ ಹಾಕುತ್ತಾಳೆ. ನನ್ನದು ನೀಲಿ, ಅವಳದ್ದು ಕೆಂಪು. ಇದು ಹಾಳೆಯ ನಿಯಮದಲ್ಲಿಲ್ಲ, ನಾನು ಸೇರಿಸಿದ್ದು. ಹಾಗಾಗಿ ಕೆಂಪು ಅಂಕವನ್ನು ಒಟ್ಟು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಒಂದು ಪುಟ ಈಗಲೂ ತೆಗೆದು ನೋಡ್ತೀನಿ. ಆರನೇ ಪ್ರಶ್ನೆ, ಸಿಡುಕು. ನೀಲಿಯಲ್ಲಿ 1, ಪಕ್ಕದಲ್ಲೇ ಕೆಂಪಲ್ಲಿ 3, ಅದರ ಕೆಳಗೆ ಅವಳ ಅಕ್ಷರದಲ್ಲಿ "ಪಾಪು ಈಗ ಇವರ ಹತ್ತಿರ ಹೋಮ್‌ವರ್ಕ್ ತರಲ್ಲ". ನನ್ನ ಗಮನಕ್ಕೇ ಬಂದಿರಲಿಲ್ಲ. ಹೆದರಿಕೆ, ಚಿಂತೆ ನಮಗೆ ಗೊತ್ತಾಗುತ್ತೆ. ಸಿಡುಕು ಮನೆಯವರಿಗೇ ಮೊದಲು ಗೊತ್ತಾಗೋದು, ಅಲ್ವಾ? ಒಬ್ಬರ ಅಂಕ ಇನ್ನೊಬ್ಬರ ಮೇಲೆ ಪ್ರಭಾವ ಬೀರದ ಹಾಗೆ ತುಂಬಲಿಕ್ಕೆ ನಮ್ಮದೊಂದು ಉಪಾಯ ಇದೆ. ಅದನ್ನು ಇಲ್ಲಿ ಬಿಚ್ಚುವುದಿಲ್ಲ, ನಿಮ್ಮ ಮನೆಗೆ ಹೊಂದುವಂಥದ್ದನ್ನು ನೀವೇ ಕಂಡುಕೊಳ್ಳಿ.

ಡಾಕ್ಟರ ಹತ್ತಿರ ಯಾವಾಗ ಹೋಗಬೇಕು ಅನ್ನುವುದನ್ನು ಚೆನ್ನಾಗಿದ್ದ ದಿನವೇ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಟ್ಟೆ. ಈ ವಿಧಾನದ ಜೀವ ಇರೋದೇ ಇಲ್ಲಿ. ಹಾಳೆಯ ಲೆಕ್ಕದಲ್ಲಿ 5ರಿಂದ ಸ್ವಲ್ಪ, 10ರಿಂದ ಮಧ್ಯಮ, 15ರಿಂದ ತೀವ್ರ ಆತಂಕ ಅಂತ ಗೆರೆಗಳಿವೆ. ಆದರೆ ಅಂಕ 12 ಬಂದ ದಿನ ಮನಸ್ಸು "ಮುಂದಿನ ಸಲ ನೋಡೋಣ, ಸುಗ್ಗಿ ಕಳೀಲಿ" ಅನ್ನುತ್ತೆ. ಅದಕ್ಕೆ ಅವಕಾಶ ಕೊಡಬಾರದು ಅಂತ ಹೀಗೆ ಬರೆದೆ: ಎರಡು ಸಲ ಸತತ 10 ಅಥವಾ ಮೇಲೆ ಬಂದರೆ ಹೋಗಬೇಕು. ಒಂದೇ ಸಲ 15 ಬಂದರೂ ಹೋಗಬೇಕು. ಅಂಕ ಎಷ್ಟೇ ಇರಲಿ, ಕೆಲಸ ಮಾಡಲಿಕ್ಕೆ ಅಥವಾ ಮನೆಯವರ ಜೊತೆ ಇರಲಿಕ್ಕೆ ತುಂಬಾ ಕಷ್ಟ ಆಗ್ತಿದೆ ಅನಿಸಿದರೂ ಹೋಗಬೇಕು. ಸಾಯುವ ಯೋಚನೆ ಬಂದರೆ ನೋಟ್‌ಬುಕ್ ತೆಗೆಯುವುದೇ ಬೇಡ, ಆಗಲೇ ಹೆಂಡತಿಗೆ ಹೇಳಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಬೇಕು. ಕೆಳಗೆ ಇಬ್ಬರ ಸಹಿ. ಆ ಏಳು ಪ್ರಶ್ನೆಯಲ್ಲಿ ಸಾಯುವ ಯೋಚನೆಯ ಮಾತೇ ಇಲ್ಲ, ಅದಕ್ಕೇ ಅದನ್ನು ಬೇರೆಯಾಗಿ ಬರೆಯಲೇಬೇಕಾಯ್ತು.

ನಡುವೆ ಕಾಫಿ ಪ್ರಯೋಗವನ್ನೂ ಮಾಡಿದೆ. ಮಂಡಿಯಲ್ಲಿ ದಿನಕ್ಕೆ ಐದಾರು ಲೋಟ ಆಗ್ತಿತ್ತು. ಎರಡಕ್ಕೆ ಇಳಿಸಿ, ಮಧ್ಯಾಹ್ನದ ಮೇಲೆ ನಿಲ್ಲಿಸಿದೆ. ಮೊದಲ ನಾಲ್ಕು ದಿನ ತಲೆನೋವು, ಆಮೇಲೆ ಕೈ ನಡುಕ ಕಡಿಮೆ. ಅಂಕ ಎರಡರಷ್ಟು ಇಳಿಯಿತು, ಅಷ್ಟೇ. ಚಿಂತೆಯ ಪ್ರಶ್ನೆಗಳು ಅಲ್ಲಾಡಲೇ ಇಲ್ಲ. ಅಂದರೆ ಕಾಫಿ ಬಿಟ್ಟು ಸರಿಹೋಗುವ ವಿಷಯ ಇದಲ್ಲ ಅಂತ ಸಾಬೀತಾಯ್ತು. ನನ್ನ ಮಟ್ಟಿಗೆ ಆ ಪ್ರಯೋಗದ ಲಾಭ ಅದೇ. ಅಕ್ಕ ಕಳಿಸಿದ ಬ್ರಾಹ್ಮಿ ಎಲೆಯ ತಂಬುಳಿ ರುಚಿಯಾಗಿತ್ತು, ಅಂಕಕ್ಕೆ ಏನೂ ಆಗಲಿಲ್ಲ.

ಮಾರ್ಚ್ ಲೆಕ್ಕ ಮುಗಿಸುವ ಹೊತ್ತಿಗೆ 13, ಮುಂದಿನ ಸಲ 14. ಆ ಭಾನುವಾರ ಹೆಂಡತಿ ವಾದ ಮಾಡಲಿಲ್ಲ, ಮೊದಲ ಪುಟ ತೆರೆದು ಮುಂದಿಟ್ಟಳು. ರಾತ್ರಿ ಟೆಲಿ-ಮಾನಸ್‌ಗೆ, ಅದೇ 14416ಕ್ಕೆ, ಫೋನ್ ಮಾಡಿದೆ. ಕನ್ನಡದಲ್ಲೇ ಮಾತಾಡಿದರು, ದುಡ್ಡಿಲ್ಲ, ಇಪ್ಪತ್ತು ನಿಮಿಷಕ್ಕೂ ಜಾಸ್ತಿ ಕೇಳಿಸಿಕೊಂಡರು. ಮನೋವೈದ್ಯರನ್ನು ನೋಡಿ ಅಂದರು. ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋಚೈತನ್ಯ ಅಂತ ಸರ್ಕಾರದ ಮಾನಸಿಕ ಆರೋಗ್ಯ ಕ್ಲಿನಿಕ್ ನಡೆಸುತ್ತಾರೆ, ಮನೋವೈದ್ಯರು ಬರುತ್ತಾರೆ. ಅಲ್ಲಿಗೆ ಹೋದೆ. ಓಪಿಡಿ ಚೀಟಿಗೆ ಕೊಟ್ಟದ್ದು ಹತ್ತು ರೂಪಾಯಿಯೋ ಏನೋ. ಡಾಕ್ಟರು ನೋಟ್‌ಬುಕ್ ತಿರುವಿದರು. "ಇದನ್ನ ಯಾರು ಹೇಳಿಕೊಟ್ರು ನಿಮಗೆ?" ಅಂದರು. ಯಾರೂ ಇಲ್ಲ ಅಂದೆ, ಹೆಮ್ಮೆಯಿಂದಲೇ. ಏಳು ಪ್ರಶ್ನೆಯಿಂದ ಕಾಯಿಲೆ ತೀರ್ಮಾನ ಆಗಲ್ಲ ಅಂತ ಹೇಳಿ ಅವರದ್ದೇ ಪ್ರಶ್ನೆಗಳನ್ನು ಕೇಳಿದರು. ಆದರೆ ಯಾವಾಗಿಂದ, ಎಷ್ಟು, ಯಾವ ತಿಂಗಳು ಜಾಸ್ತಿ ಅನ್ನುವುದಕ್ಕೆಲ್ಲ ಉತ್ತರ ಆ ಪುಟಗಳಲ್ಲೇ ಸಿಕ್ಕಿತು.

ಮಾತ್ರೆಯ ಹೆಸರು ಬರೆಯುವುದಿಲ್ಲ, ನೋಡಿ ತಗೊಳ್ಳುವವರಿದ್ದಾರೆ. ಮೊದಲ ಎರಡು ವಾರ ಅಂಕ ಇಳಿಯಲಿಲ್ಲ, ಹೊಟ್ಟೆ ತೊಳಸುತ್ತಿತ್ತು. ಪರಿಣಾಮಕ್ಕೆ ನಾಲ್ಕಾರು ವಾರ ಬೇಕು ಅಂತ ಮೊದಲೇ ಹೇಳಿದ್ದರಿಂದ ತಡೆದುಕೊಂಡೆ. ಜೊತೆಗೆ ಕೌನ್ಸೆಲಿಂಗ್. ಮೂರು ತಿಂಗಳಿಗೆ 6, ಈಗ 3-4ರಲ್ಲಿ ನಿಂತಿದೆ. ಪಾಪು ಹೋಮ್‌ವರ್ಕ್ ತರ್ತಾಳೆ. ಅಣ್ಣ ಕಳೆದ ತಿಂಗಳು ಖಾಲಿ ಹಾಳೆಯ ಜೆರಾಕ್ಸ್ ಕೇಳಿ ತಗೊಂಡು ಹೋದ.

ಮಾತ್ರೆ ಇಳಿಸುವ ಮಾತನ್ನು ನಾನೇ ಎತ್ತಿದೆ. ಡಾಕ್ಟರು ಹೋದ ವರ್ಷದ ಮಾರ್ಚ್ ಪುಟ ತೆಗೆದು ನೋಡಿ, ಈ ಸಲದ ಲೆಕ್ಕ ಮುಗಿಯೋವರೆಗೆ ಬೇಡ, ಏಪ್ರಿಲ್‌ನಲ್ಲಿ ಶುರು ಮಾಡೋಣ ಅಂದಿದ್ದಾರೆ.